ರಾತ್ರಿ ಡ್ಯೂಟಿಯಲ್ಲಿರುವವರು ಯಾವ ಡಾಕ್ಟ್ರು?

ಕಾಯಿ ಕೀಳಲು ಹತ್ತಿದವರು ಮರದಿಂದ ಬಿದ್ದರೆ, ನಡುರಾತ್ರಿ ಎದೆನೋವು ಬಂದರೆ, ತುಮಕೂರು ಜಿಲ್ಲೆಯ ಕಿಬ್ಬನಹಳ್ಳಿ ಸುತ್ತಿನವರು ತಿಪಟೂರೋ ತುರುವೇಕೆರೆಯೋ ಚಿಕ್ಕನಾಯಕನಹಳ್ಳಿಯೋ, ಯಾವುದು ಹತ್ತಿರವೋ ಅಲ್ಲಿಗೆ ಓಡುತ್ತಾರೆ. ಬಿಳಿ ಕೋಟು ಕಂಡರೆ ಹೋದ ಜೀವ ಬಂದಂತಾಗುತ್ತದೆ. ಆದರೆ ಆ ಕೋಟಿನೊಳಗೆ ಇರುವವರು ಏನು ಓದಿದವರು? ಎಂಬಿಬಿಎಸ್ ವೈದ್ಯರಿಗೆ ಸಂಬಳ ಹೆಚ್ಚೆಂದು ಆಯುರ್ವೇದ, ಹೋಮಿಯೋಪತಿ ಪದವೀಧರರನ್ನು ರಾತ್ರಿ ಡ್ಯೂಟಿಗೆ ಹಾಕುವ ಖಾಸಗಿ ಆಸ್ಪತ್ರೆಗಳು ದೇಶದ ಹಲವೆಡೆ ಇವೆ.

ಅವರ ವಿದ್ಯೆಗೆ ನನ್ನ ಗೌರವವಿದೆ. ಅವರವರ ಪದ್ಧತಿಯ ಚಿಕಿತ್ಸೆ ಕೊಟ್ಟರೆ ಯಾರ ತಕರಾರೂ ಇಲ್ಲ. ಆದರೆ ಹೋಮಿಯೋಪತಿ ವೈದ್ಯರೊಬ್ಬರು ಅಲೋಪತಿ ಔಷಧಿ ಕೊಟ್ಟು ರೋಗಿ ತೀರಿಕೊಂಡ ಪೂನಂ ವರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರಲ್ಲಿ, ಓದದ ಪದ್ಧತಿಯಲ್ಲಿ ಚಿಕಿತ್ಸೆ ಕೊಡುವುದೇ ನಿರ್ಲಕ್ಷ್ಯ ಎಂದಿತು. ತುರ್ತು ರೋಗಿಯನ್ನು ಇಂಥವರ ಕೈಗೆ ಬಿಡುವ ಆಸ್ಪತ್ರೆಯದ್ದು ಘೋರ ನಿರ್ಲಕ್ಷ್ಯವೆಂದು ರಾಷ್ಟ್ರೀಯ ಗ್ರಾಹಕ ಆಯೋಗ 2007ರಲ್ಲಿ ಹೇಳಿತು. ಅಲೋಪತಿ ಔಷಧಿ ಕೊಡಲು ರಾಜ್ಯ ಸರ್ಕಾರ ನಿಯಮದ ಮೂಲಕ ಅನುಮತಿ ಕೊಟ್ಟಿದ್ದರೆ ಮಾತ್ರ ಮಾತು ಬೇರೆ.

ಹಳ್ಳಿಯ ಉಪಕೇಂದ್ರದ ಸಮುದಾಯ ಆರೋಗ್ಯ ಅಧಿಕಾರಿಯನ್ನು ಇದರೊಂದಿಗೆ ಸೇರಿಸಬೇಡಿ. ಬಿಪಿ, ಶುಗರ್ ನೋಡಿ, ಬೇಕಾದಾಗ ಮುಂದಿನ ಆಸ್ಪತ್ರೆಗೆ ಕಳಿಸುವುದು ಸರ್ಕಾರವೇ ಅವರಿಗೆ ವಹಿಸಿದ ಕೆಲಸ.

ನಿಮ್ಮ ಕೈಲಿರುವ ದೊಡ್ಡ ಸಾಕ್ಷಿ ಔಷಧಿ ಚೀಟಿ. 2002ರ ವೈದ್ಯಕೀಯ ನೀತಿ ನಿಯಮಗಳ ಪ್ರಕಾರ ಚೀಟಿಯ ಮೇಲೆ, ರಸೀದಿಯ ಮೇಲೆ ವೈದ್ಯರ ನೋಂದಣಿ ಸಂಖ್ಯೆ ಇರಬೇಕು. ಎಂಬಿಬಿಎಸ್ ಆದವರ ಹೆಸರು ಕರ್ನಾಟಕ ವೈದ್ಯಕೀಯ ಪರಿಷತ್ತಿನ ಪಟ್ಟಿಯಲ್ಲಿರುತ್ತದೆ. ಸಂಖ್ಯೆ ಇಲ್ಲದಿದ್ದರೆ ಕೇಳಿ ಬರೆಸಿಕೊಳ್ಳಿ. ಕೇಳಲು ಸಂಕೋಚ ಬೇಡ. ಅದೇ ನಿಯಮಗಳಡಿ, ಕೇಳಿದ 72 ಗಂಟೆಯೊಳಗೆ ಚಿಕಿತ್ಸೆಯ ದಾಖಲೆ ಕೊಡಬೇಕು. ಬಾಯಲ್ಲಿ ಕೇಳಿ ಸುಮ್ಮನಾಗದೆ ಅರ್ಜಿ ಬರೆದುಕೊಡಿ. ಅದರ ಪ್ರತಿಗೆ ಸೀಲು ಹಾಕಿಸಿಕೊಳ್ಳಿ. ರಾತ್ರಿ ನೋಡಿದವರು ಯಾರು, ದೊಡ್ಡ ಡಾಕ್ಟ್ರು ಬಂದದ್ದು ಎಷ್ಟು ಗಂಟೆಗೆ ಎಂಬುದು ಆ ಕೇಸ್ ಶೀಟಿನಲ್ಲೇ ಸಿಗುತ್ತದೆ.

ಖಾಸಗಿ ಆಸ್ಪತ್ರೆಯ ಮೇಲಿನ ದೂರನ್ನು ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ (ಕೆಪಿಎಂಇ) ಕಾಯ್ದೆಯಡಿ ಜಿಲ್ಲಾಧಿಕಾರಿ ಅಧ್ಯಕ್ಷರಾಗಿರುವ ಜಿಲ್ಲಾ ನೋಂದಣಿ ಮತ್ತು ಕುಂದುಕೊರತೆ ಪ್ರಾಧಿಕಾರಕ್ಕೆ ಕೊಡಬೇಕು. ಅರ್ಜಿಯನ್ನು ತುಮಕೂರಿನ ಜಿಲ್ಲಾ ಆರೋಗ್ಯಾಧಿಕಾರಿಗಳ ಕಚೇರಿಗೆ ಸಲ್ಲಿಸಿ. ಯಾವ ಪಟ್ಟಿಯಲ್ಲೂ ಹೆಸರಿಲ್ಲದೆ ಅಲೋಪತಿ ನಡೆಸಿದವರಿಗೆ ರಾಷ್ಟ್ರೀಯ ವೈದ್ಯಕೀಯ ಆಯೋಗ ಕಾಯ್ದೆ 2019ರ 34ನೇ ಕಲಂ ಒಂದು ವರ್ಷದವರೆಗೆ ಜೈಲು, ಇಲ್ಲವೇ 5 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡನ್ನೂ ವಿಧಿಸುತ್ತದೆ.

ಪರಿಹಾರ ಬೇಕಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. ಘಟನೆ ನಡೆದ 2 ವರ್ಷದೊಳಗೆ ಹೋಗಬೇಕು. ಕಟ್ಟಿದ ಬಿಲ್ಲು 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ಎಲ್ಲರಿಗೂ ಪೂರ್ತಿ ಉಚಿತವಾಗಿ ಚಿಕಿತ್ಸೆ ಕೊಡುವ ಸರ್ಕಾರಿ ಆಸ್ಪತ್ರೆ ಮಾತ್ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಬರುವುದಿಲ್ಲ.

ರೋಗಿ ನರಳುತ್ತಿರುವಾಗ ಬಾಗಿಲಲ್ಲಿ ಜಗಳ ಬೇಡ. ಮೊದಲು ಉಸಿರಾಟ ಸರಿಹೋಗಲಿ, ರಕ್ತ ನಿಲ್ಲಲಿ. ಮೈ ತಹಬದಿಗೆ ಬಂದ ಮೇಲೆ ಮನೆಯವರಲ್ಲಿ ಒಬ್ಬರು ಕೌಂಟರಿಗೆ ಹೋಗಿ, ನಮ್ಮವರನ್ನು ನೋಡಿದ ಡಾಕ್ಟರ ಹೆಸರು, ಓದು, ನೋಂದಣಿ ಸಂಖ್ಯೆ ಬರೆದುಕೊಡಿ ಎಂದು ಕೇಳಲಿ.