ಅಭಿವೃದ್ಧಿ ಶುಲ್ಕದಿಂದ ಪ್ರಾದೇಶಿಕ ರಸ್ತೆ: ರಿವರ್‌ಸೈಡ್ ಮಾದರಿ

ಒಂದು ನಗರದಲ್ಲಿ ಎದ್ದ ಹೊಸ ಬಡಾವಣೆಯ ವಾಹನಗಳು ಪಕ್ಕದ ನಗರದ ರಸ್ತೆಯನ್ನೂ ತುಂಬುತ್ತವೆ. ಈ ಹೊರೆಯನ್ನು ಎಲ್ಲರೂ ಕೂಡಿ ಹೊರಲೆಂದೇ ಅಮೆರಿಕದ ಕ್ಯಾಲಿಫೋರ್ನಿಯಾದ ಪಶ್ಚಿಮ ರಿವರ್‌ಸೈಡ್ ಕೌಂಟಿಯಲ್ಲಿ 2003ರಲ್ಲಿ ಏಕರೂಪ ಸಾರಿಗೆ ಶುಲ್ಕ (ಟಿಯುಎಂಎಫ್) ಜಾರಿಗೆ ಬಂತು.

ಹೊಸದಾಗಿ ಕಟ್ಟುವವರೇ ಶುಲ್ಕ ತೆರಬೇಕು. ವಾಸದ ಮನೆಗೆ ಘಟಕದ ಲೆಕ್ಕ, ವಾಣಿಜ್ಯ ಮತ್ತು ಕೈಗಾರಿಕಾ ಕಟ್ಟಡಕ್ಕೆ ಚದರಡಿಯ ಲೆಕ್ಕ. ನಿರ್ವಹಣೆ ಅಲ್ಲಿನ ಸ್ಥಳೀಯ ಸರ್ಕಾರಗಳ ಮಂಡಳಿಯದು. ನಿಧಿಯ ದೊಡ್ಡ ಭಾಗ ಎರಡಾಗಿ ಹಂಚಿಕೆಯಾಗುತ್ತದೆ: ಒಂದು ಪಾಲು ಕೌಂಟಿ ಸಾರಿಗೆ ಆಯೋಗದ ಮೂಲಕ ಇಡೀ ಪ್ರದೇಶದ ಮುಖ್ಯ ರಸ್ತೆಗಳಿಗೆ, ಇನ್ನೊಂದು ಐದು ವಲಯಗಳಿಗೆ. ಬಸ್ ಸೇವೆಗೂ ಸಣ್ಣ ಪಾಲುಂಟು. ವಲಯದಲ್ಲಿ ಯಾವ ಕಾಮಗಾರಿ ಮೊದಲು ಎಂಬುದನ್ನು ಅಲ್ಲಿನ ನಗರಗಳೇ ಕೂತು ತೀರ್ಮಾನಿಸುತ್ತವೆ. ಯೋಜನೆಯ ಜೀವಾಳ ಇದೇ. ತನ್ನ ಹಣ ಎಲ್ಲಿಗೆ ಹೋಯಿತೆಂದು ಕಾಣದಿದ್ದರೆ ಯಾವ ನಗರವೂ ಬಹುಕಾಲ ಜೊತೆಗಿರದು.

ಕಾನೂನಿನ ಅಂಶವನ್ನು ವಿಶೇಷವಾಗಿ ಗಮನಿಸಬೇಕು. ಈ ಶುಲ್ಕ ತೆರಿಗೆಯಲ್ಲ. 1987ರಲ್ಲಿ ಅಂಗೀಕಾರವಾದ ಕ್ಯಾಲಿಫೋರ್ನಿಯಾದ ಕಾಯ್ದೆಯಂತೆ ಶುಲ್ಕಕ್ಕೂ ಕಟ್ಟಡದಿಂದಾಗುವ ಪರಿಣಾಮಕ್ಕೂ ಸಮಂಜಸ ಸಂಬಂಧವಿರಬೇಕು. ಆದ್ದರಿಂದ ಈಗಾಗಲೇ ಇರುವ ರಸ್ತೆ ಕೊರತೆಯ ಖರ್ಚನ್ನು ಹೊಸಬರ ಮೇಲೆ ಹೇರುವಂತಿಲ್ಲ. ವಿಧಿಸುವ ಹೊರೆ ಪರಿಣಾಮಕ್ಕೆ ಸರಿಸುಮಾರು ಅನುಪಾತದಲ್ಲಿರಬೇಕೆಂಬ ಪರೀಕ್ಷೆಯನ್ನು ಅಮೆರಿಕದ ಸುಪ್ರೀಂ ಕೋರ್ಟ್ 1994ರ ಡೋಲನ್ ತೀರ್ಪಿನಲ್ಲಿ ವಿಧಿಸಿತು. ಶಾಸನದ ಮೂಲಕ ವಿಧಿಸಿದ ಶುಲ್ಕಕ್ಕೆ ಈ ಪರೀಕ್ಷೆಯಿಂದ ವಿನಾಯಿತಿ ಇಲ್ಲವೆಂದು ಶೀಟ್ಜ್ ವಿರುದ್ಧ ಎಲ್ ಡೊರಾಡೊ ಕೌಂಟಿ ಪ್ರಕರಣದಲ್ಲಿ 2024ರ ಏಪ್ರಿಲ್‌ನಲ್ಲಿ ಒಮ್ಮತದಿಂದ ಹೇಳಿತು. ಅಲ್ಲಿ ವಿವಾದವಿದ್ದದ್ದು ಒಂದೇ ಮನೆಗೆ ವಿಧಿಸಿದ 23,420 ಡಾಲರ್ ಸಂಚಾರ ಶುಲ್ಕದ ಬಗ್ಗೆ.