ಅಲ್ಪ ವೆಚ್ಚದ ಪ್ರವಾಸ



ಹಣವು ಕಡಿಮೆಬಿದ್ದ ತಿಂಗಳಲ್ಲಿ ಮನೆಯ ಜಮಾಖರ್ಚಿನ ಪುಸ್ತಕದೊಳಗೆ ಎಲ್ಲಕ್ಕಿಂತ ಮೊದಲು ಯಾವ ಬಾಬಿನ ಮೇಲೆ ಗೀಟು ಬೀಳುವದೆಂಬುದು ಗೃಹಿಣಿಯರಿಗೆ ಚೆನ್ನಾಗಿ ಗೊತ್ತಿದೆ. ಗಂಡಸರು ಊರಿಗೆ ಹೋದರೆ ಅದು ಕೆಲಸವೆನಿಸುವದು. ಹೆಂಗಸರು ಹೋದರೆ ತಿರುಗಾಟವೆನಿಸುವದು. ತಿರುಗಾಟದ ಮೇಲೆ ಗೀಟು ಬೀಳಲು ಹೊತ್ತು ಹತ್ತುವದಿಲ್ಲ. ಪಂಚಮಿಗೆ ತವರಿಗೆ ಹೋಗುವದು, ಬಾಣಂತನಕ್ಕೆ ಹೋಗುವದು, ಬಂಧುಗಳ ಮದುವೆಗೆ ಹೋಗುವದು, ಇವಿಷ್ಟರಲ್ಲಿಯೇ ಎಷ್ಟೋ ಹೆಣ್ಣುಮಕ್ಕಳ ಆಯುಷ್ಯದ ಪ್ರವಾಸವೆಲ್ಲ ಮುಗಿದುಹೋಗುತ್ತದೆ. ಗದುಗಿನಿಂದ ಹನ್ನೆರಡೇ ಕಿಲೋಮೀಟರ್ ದೂರವಿರುವ ಲಕ್ಕುಂಡಿಯನ್ನು ನೋಡದೆ ಮುದುಕಿಯರಾದವರು ನಮ್ಮ ಬೆಟಗೇರಿಯಲ್ಲಿಯೇ ಬಹಳ ಜನರಿದ್ದಾರೆ. ಮಿತವ್ಯಯದ ಪಾಠವನ್ನು ನಮ್ಮ ಹುಡುಗಿಯರಿಗೆ ನಾವು ಕಲಿಸುವಾಗ ಅದರ ಫಲವು ಮನೆಯಲ್ಲಿ ಕುಳ್ಳಿರುವದೇ ಆಗಬಾರದೆಂದೂ, ಹೊರಡುವ ದಾರಿಯಾಗಬೇಕೆಂದೂ ನನ್ನ ಅಭಿಪ್ರಾಯ. ಈ ಲೇಖನವು ಅದಕ್ಕಾಗಿಯೇ.

ಈಗ ಮಾರ್ಗವೆಚ್ಚದ ಸಂಗತಿಯನ್ನು ನೋಡೋಣ. 2023ನೆಯ ಇಸವಿಯ ಜೂನ್ 11ನೆಯ ತಾರೀಖಿನಿಂದ ಕರ್ನಾಟಕ ಸರಕಾರದ ಶಕ್ತಿ ಯೋಜನೆಯ ಮೇರೆಗೆ ರಾಜ್ಯದೊಳಗಿನ ಸಾಮಾನ್ಯ ಹಾಗೂ ವೇಗದೂತ ಬಸ್ಸುಗಳಲ್ಲಿ ಸ್ತ್ರೀಯರಿಗೆ ಟಿಕೆಟಿನ ಹಣವಿಲ್ಲ. ದಿಲ್ಲಿಯಲ್ಲಿ 2019ರಿಂದಲೂ, ತಮಿಳುನಾಡಿನ ಸಾಮಾನ್ಯ ನಗರ ಬಸ್ಸುಗಳಲ್ಲಿ 2021ರಿಂದಲೂ ಇಂಥದೇ ಏರ್ಪಾಡು ಬಂದಿತ್ತು; ಯುರೋಪಿನ ಲಕ್ಸೆಂಬರ್ಗವೆಂಬ ಸಣ್ಣ ದೇಶವು 2020ರಲ್ಲಿ ಗಂಡು ಹೆಣ್ಣು ಎಂಬ ಭೇದವಿಲ್ಲದೆ ಎಲ್ಲರಿಗೂ ಬಸ್ಸು ರೈಲುಗಳನ್ನು ಉಚಿತ ಮಾಡಿತು. ನಮ್ಮ ನಾಲ್ಕು ಊರುಗಳ ಮಟ್ಟಿಗೆ ಇದರ ಮಹತ್ವವು ಹೆಚ್ಚಿನದು. ಏಕೆಂದರೆ ರೈಲು ಇರುವದು ಗದುಗಿಗೆ ಮಾತ್ರ. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳಿಗೆ ಬಸ್ಸೇ ಗತಿ. ಮುಂಡರಗಿಯ ಕಡೆಯ ಹಳ್ಳಿಯ ಹುಡುಗಿಯು ಹತ್ತನೆಯ ಇಯತ್ತೆಯನ್ನು ಮುಗಿಸಿದ ಮೇಲೆ ಗದುಗಿಗೆ ಓದಲು ಬರಬೇಕೋ ಬೇಡವೋ ಎಂಬ ಪ್ರಶ್ನೆಯಲ್ಲಿ ಬಸ್ಸಿನ ಹಣವೂ ಒಂದು ಮಾತಾಗಿತ್ತು; ಆ ಮಾತನ್ನು ಇನ್ನು ಯಾವ ತಂದೆಯೂ ಆಡುವಂತಿಲ್ಲ.

ಆದರೆ ಉಚಿತವೆಂಬ ಶಬ್ದವನ್ನು ಕೇಳಿ ಕೆಲವರು ಲೆಕ್ಕವನ್ನೇ ಬಿಟ್ಟುಕೊಡುತ್ತಾರೆ. ಕೆಲವು ನಿಯಮಗಳನ್ನು ನೆನಪಿನಲ್ಲಿಡಬೇಕು. ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿಯನ್ನು ತೋರಿಸಬೇಕು. ರಾಜಹಂಸ, ಐರಾವತ, ಮಲಗುವ ಬಸ್ಸು, ಹವಾನಿಯಂತ್ರಿತ ಬಸ್ಸುಗಳಿಗೆ ಈ ಸೌಲಭ್ಯವು ಅನ್ವಯಿಸುವದಿಲ್ಲ. ಪಂಢರಪುರ, ಸೋಲಾಪುರ, ಗೋವೆಗಳಿಗೆ ಹೋಗುವ ಅಂತರರಾಜ್ಯ ಬಸ್ಸುಗಳಿಗೂ ಇಲ್ಲ. ಹಣವಿಲ್ಲದಿದ್ದರೂ ಕಂಡಕ್ಟರರಿಂದ ಶೂನ್ಯ ದರದ ಟಿಕೆಟನ್ನು ಕೇಳಿ ಪಡೆಯಲೇಬೇಕು. ಆ ಟಿಕೆಟಿನ ಆಧಾರದಿಂದಲೇ ಸಾರಿಗೆ ಸಂಸ್ಥೆಗೆ ಸರಕಾರವು ಹಣವನ್ನು ತುಂಬಿಕೊಡುತ್ತದೆ. ಲಕ್ಷ್ಮೇಶ್ವರದಲ್ಲಿ ಇಳಿಯುವವಳು ಹಾವೇರಿಗೆ ಟಿಕೆಟು ಪಡೆದರೆ ಆ ಹೆಚ್ಚಿನ ಹಣವು ನಮ್ಮೆಲ್ಲರ ಕಂದಾಯದಿಂದಲೇ ಹೋಗುವದೆಂಬುದು ಸಾಲೆ ಕಲಿತವಳಿಗೆ ತಿಳಿದಿರಬೇಕು.

ಇನ್ನು ಒಂದು ಲೆಕ್ಕವನ್ನು ಮಾಡೋಣ. ತಂದೆ, ತಾಯಿ, ಕಾಲೇಜಿಗೆ ಹೋಗುವ ಮಗಳು, ಹತ್ತು ವರುಷದ ಮಗ, ಇಂತು ನಾಲ್ವರು ಗದುಗಿನಿಂದ ಬಾದಾಮಿಗೆ ಹೊರಟಿರುವರೆಂದು ಭಾವಿಸಿರಿ. ದೊಡ್ಡವರಿಗೆ ಒಂದು ಕಡೆಗೆ 100 ರೂಪಾಯಿ, ಹುಡುಗನಿಗೆ ಅರ್ಧ ಎಂದು ಲೆಕ್ಕಕ್ಕಾಗಿ ಹಿಡಿಯೋಣ. ನಿಜವಾದ ದರವನ್ನು ನಿಲ್ದಾಣದಲ್ಲಿ ಕೇಳಿಕೊಳ್ಳಿರಿ. ಮೊದಲು ಹೋಗಿಬರುವ ವೆಚ್ಚವು 700 ರೂಪಾಯಿ ಆಗುತ್ತಿತ್ತು. ಈಗ ತಂದೆ ಮಗನದು ಮಾತ್ರ, 300. ಉಳಿದದ್ದು 400. ಆ ಮೇಲೆ ಬಾದಾಮಿಯಲ್ಲಿ ನಾಲ್ವರ ಉಪಾಹಾರಕ್ಕೆ ತಲಾ 50ರಂತೆ 200, ಮಧ್ಯಾಹ್ನದ ಊಟಕ್ಕೆ ತಲಾ 100ರಂತೆ 400, ನೀರಿನ ಬಾಟಲಿ ನಾಲ್ಕಕ್ಕೆ 80. ಒಟ್ಟು 680. ಉಳಿಸಿದ್ದು ನಾಲ್ಕುನೂರು, ಸೋರಿಹೋದದ್ದು ಆರುನೂರ ಎಂಬತ್ತು! ಸಾಯಂಕಾಲ ಮನೆಗೆ ಬಂದ ಯಜಮಾನರು "ಬಸ್ಸು ಪುಕ್ಕಟೆ ಎಂದಿರಿ, ಹಣವೆಲ್ಲ ಎಲ್ಲಿ ಹೋಯಿತು?" ಎಂದು ಕೇಳುವರು, ಮುಂದಿನ ವರುಷದ ಪ್ರವಾಸದ ಮೇಲೆ ಅಲ್ಲಿಯೇ ಗೀಟು ಬೀಳುವದು. ಟಿಕೆಟು ಹೋದ ಮೇಲೆ ಉಳಿಯುವ ವೆಚ್ಚಗಳ ಮೇಲೆಯೇ ನಾವು ಕಣ್ಣಿಡಬೇಕಾದುದು ಇದಕ್ಕಾಗಿ.

ಬುತ್ತಿಯ ವಿಷಯದಲ್ಲಿ ನಮ್ಮ ಸೀಮೆಯವರಿಗೆ ಯಾರೂ ಪಾಠ ಹೇಳಬೇಕಾದುದಿಲ್ಲ. ಖಡಕ್ ರೊಟ್ಟಿಯು ವಾರಗಟ್ಟಲೆ ಕೆಡುವದಿಲ್ಲ. ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಅಗಸಿ ಹಿಂಡಿಗಳು ಹಾಗೆಯೇ. ಶೇಂಗಾ ಹೋಳಿಗೆಯನ್ನು ಚೆನ್ನಾಗಿ ಆರಿಸಿ ಕಟ್ಟಿದರೆ ನಾಲ್ಕೈದು ದಿನಗಳ ಪ್ರಯಾಣಕ್ಕೂ ಆದೀತು. ಉಳ್ಳಾಗಡ್ಡಿ, ಸವತೆಕಾಯಿಗಳನ್ನು ಇಡಿಯಾಗಿ ಒಯ್ದು ಅಲ್ಲಿಯೇ ಹೆಚ್ಚಿಕೊಳ್ಳಬೇಕು. ಎಣ್ಣೆಗಾಯಿ, ಮೊಸರನ್ನಗಳನ್ನು ಮೊದಲ ದಿನದ ಮಧ್ಯಾಹ್ನದೊಳಗೆ ತೀರಿಸಬೇಕು. ಬೇಸಿಗೆಯಲ್ಲಿ ಅವನ್ನು ಸಾಯಂಕಾಲಕ್ಕೆ ಇಟ್ಟುಕೊಳ್ಳುವದು ವೈದ್ಯರಿಗೆ ಹಣ ಕೂಡಿಟ್ಟಂತೆ. ಆದರೆ ಬುತ್ತಿಯ ಲೆಕ್ಕದಲ್ಲಿ ಒಂದು ಬಾಬನ್ನು ಯಾರೂ ಬರೆಯುವದಿಲ್ಲ. ಆರು ಗಂಟೆಯ ಬಸ್ಸಿಗೆ ಬುತ್ತಿ ಸಿದ್ಧವಾಗಬೇಕಾದರೆ ತಾಯಿಯು ಮೂರು ಗಂಟೆಗೆ ಏಳಬೇಕು. ಎಲ್ಲರೂ ಗುಹೆಗಳನ್ನು ನೋಡುತ್ತಿರುವಾಗ ಅವಳೊಬ್ಬಳು ಮೆಟ್ಟಿಲ ಬಳಿಯಲ್ಲಿ ತೂಕಡಿಸುತ್ತ ಗಂಟು ಕಾಯುವದನ್ನು ಬಾದಾಮಿಯಲ್ಲಿ ನಾನು ಎಷ್ಟೋ ಸಲ ಕಂಡಿದ್ದೇನೆ. ಮೂರುನೂರು ರೂಪಾಯಿ ಉಳಿಯಿತೆಂದು ಹೇಳುವವರು ಅದು ಯಾರ ನಿದ್ದೆಯಿಂದ ಉಳಿಯಿತೆಂಬುದನ್ನೂ ಹೇಳಬೇಕು. ಆದುದರಿಂದ ಒಣ ಪದಾರ್ಥಗಳನ್ನು ಎರಡು ದಿನ ಮೊದಲೇ, ಗಂಡುಮಕ್ಕಳ ಕೈಯನ್ನೂ ಸೇರಿಸಿ, ಮಾಡಿಟ್ಟುಕೊಳ್ಳಿರಿ. ಒಂದು ಹೊತ್ತಿನ ಊಟವನ್ನು ಖಾನಾವಳಿಯಲ್ಲಿ ಮಾಡಿರಿ. ಬಿಸಿ ರೊಟ್ಟಿಯನ್ನು ಬೇರೆಯವರು ಬಡಿಸಿದಾಗ ಕುಳಿತು ಉಣ್ಣುವದೂ ತಾಯಿಗೆ ಪ್ರವಾಸದ ಒಂದು ಭಾಗವೇ.

ನೀರನ್ನು ಮನೆಯಿಂದ ಒಯ್ಯಿರಿ. ಈ ವಿಷಯವಾಗಿ ಹೆಚ್ಚು ಹೇಳುವದಿಲ್ಲ.

ಬಸ್ಸೋ ರೈಲೋ ಎಂಬ ಪ್ರಶ್ನೆಯು ಗದುಗಿನವರಿಗೆ ಯಾವಾಗಲೂ ಬರುವದು. 1884ರಲ್ಲಿ ಗದಗ-ಹೊಟಗಿ ಹಳಿಯು ಬಿದ್ದಂದಿನಿಂದ ಬಾದಾಮಿ, ಬಾಗಲಕೋಟೆ, ವಿಜಯಪುರಗಳು ನಮಗೆ ನೇರ ದಾರಿಯಾದವು, ಪೂರ್ವಕ್ಕೆ ಕೊಪ್ಪಳ, ಹೊಸಪೇಟೆ, ಬಳ್ಳಾರಿ, ಪಶ್ಚಿಮಕ್ಕೆ ಹುಬ್ಬಳ್ಳಿ. ಹಣ ಕೊಟ್ಟು ಹೋಗುವವನಿಗೆ ಕಾಯ್ದಿರಿಸದ ಎರಡನೆಯ ದರ್ಜೆಯ ರೈಲಿನಷ್ಟು ಅಗ್ಗದ ವಾಹನವಿಲ್ಲ. ಐದು ವರುಷದೊಳಗಿನ ಮಕ್ಕಳಿಗೆ ಟಿಕೆಟು ಇಲ್ಲ, ಹನ್ನೆರಡರೊಳಗಿನವರಿಗೆ ಅರ್ಧ. ಪ್ಯಾಸೆಂಜರ್ ಗಾಡಿಯ ಟಿಕೆಟು ಹಿಡಿದು ಎಕ್ಸ್‌ಪ್ರೆಸ್ ಗಾಡಿಯಲ್ಲಿ ಕುಳಿತರೆ ದಂಡ ತೆರಬೇಕಾಗುವದು. ಹಿರಿಯರಿಗಿದ್ದ ರಿಯಾಯತಿಯು 2020ರ ಮಾರ್ಚಿನಲ್ಲಿ ನಿಂತುಹೋದುದರಿಂದ ಅಜ್ಜ ಅಜ್ಜಿಯರ ಲೆಕ್ಕವನ್ನು ಪೂರ್ಣ ದರದಲ್ಲಿಯೇ ಹಿಡಿಯಬೇಕು. ಹಾಗಾದರೆ ಗಂಡನು ರೈಲಿನಲ್ಲಿ, ಹೆಂಡತಿ ಬಸ್ಸಿನಲ್ಲಿ ಹೋಗಬೇಕೇ ಎಂದು ಒಬ್ಬ ಪಾಲಕರು ನಗುತ್ತ ಕೇಳಿದರು. ಬೇಡ. ಟಿಕೆಟಿನ ಜೊತೆಗೆ ನಿಲ್ದಾಣದಿಂದ ಊರಿಗೆ ಹೋಗುವ ವೆಚ್ಚವನ್ನೂ ಕೂಡಿಸಿ ನೋಡಿರಿ. ಬಾದಾಮಿಯ ರೈಲು ನಿಲ್ದಾಣವು ಊರಿನಿಂದ ಸುಮಾರು ಐದು ಕಿಲೋಮೀಟರ್ ಆಚೆಗಿದೆ. ರೈಲಿನಲ್ಲಿ ಉಳಿದದ್ದು ಆಟೋದವನ ಕೈ ಸೇರುವದು. ಬಸ್ಸು ಊರೊಳಗೆ ಇಳಿಸುವದು. ಹೊಸಪೇಟೆಯಿಂದ ಹಂಪಿಯೂ ಹದಿಮೂರು ಕಿಲೋಮೀಟರ್. ಆದರೆ ಅಲ್ಲಿಗೆ ಸಾರಿಗೆ ಬಸ್ಸು ಇರುವದರಿಂದ ಚಿಂತೆಯಿಲ್ಲ.

ಸೋಲಾಪುರ, ಸಾಂಗಲಿಗಳಿಗೆ ಮದುವೆಯಾಗಿ ಹೋದ ನಮ್ಮ ಹಳೆಯ ವಿದ್ಯಾರ್ಥಿನಿಯರ ಸ್ಥಿತಿಯೇ ಬೇರೆ. ಅವರ ಗುರುತಿನ ಚೀಟಿಯಲ್ಲಿ ಈಗ ಮಹಾರಾಷ್ಟ್ರದ ವಿಳಾಸವಿರುವದರಿಂದ ತವರು ಸೀಮೆಯ ಬಸ್ಸಿನಲ್ಲಿ ಅವರು ಹಣ ಕೊಡಬೇಕು. 2023ರ ಮಾರ್ಚಿನಿಂದ ಮಹಾರಾಷ್ಟ್ರದ ಸಾರಿಗೆ ಬಸ್ಸುಗಳಲ್ಲಿ ಸ್ತ್ರೀಯರಿಗೆ ಅರ್ಧ ದರವುಂಟು, ಆದರೆ ಅದು ಆ ರಾಜ್ಯದ ಗಡಿಯವರೆಗೆ ಮಾತ್ರ. ಇಂಥವರಿಗೆ ಸೋಲಾಪುರದಿಂದ ಗದುಗಿಗೆ ನೇರವಾಗಿ ಬರುವ ರೈಲೇ ಲಾಭದ್ದು. 1948ಕ್ಕಿಂತ ಮೊದಲು ಶಿರಹಟ್ಟಿಯು ಸಾಂಗಲಿ ಸಂಸ್ಥಾನಕ್ಕೂ ಲಕ್ಷ್ಮೇಶ್ವರವು ಮೀರಜ ಸಂಸ್ಥಾನಕ್ಕೂ ಸೇರಿದ್ದವೆಂಬುದನ್ನು ನೆನೆದರೆ, ಗಡಿಗಳು ಹೀಗೆ ಹೆಣ್ಣುಮಕ್ಕಳ ತವರಿನ ದಾರಿಯಲ್ಲಿ ಅಡ್ಡಬರುವದು ನಮ್ಮ ಕಡೆಗೆ ಹೊಸದೇನೂ ಅಲ್ಲ.

ದೂರದ ಊರಿಗೆ ಹಣವಿಲ್ಲದಿದ್ದರೆ ಹತ್ತಿರದ್ದನ್ನು ನೋಡಿರಿ. ಬೆಳಿಗ್ಗೆ ಹೋಗಿ ಸಾಯಂಕಾಲಕ್ಕೆ ಮರಳುವದಾದರೆ ವಸತಿಯ ಖರ್ಚೇ ಇಲ್ಲ. ಪ್ರವಾಸದ ದೊಡ್ಡ ಬಾಬು ಅದೇ. ಲಕ್ಕುಂಡಿಯಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆಯು 1007ರಲ್ಲಿ ಕಟ್ಟಿಸಿದ ಬ್ರಹ್ಮ ಜಿನಾಲಯವಿದೆ. ಒಬ್ಬ ಹೆಣ್ಣುಮಗಳು ತನ್ನ ಹಣವನ್ನು ಹೇಗೆ ಬಳಸಿದಳೆಂಬುದನ್ನು ನಮ್ಮ ಹುಡುಗಿಯರು ಕಲ್ಲಿನಲ್ಲಿಯೇ ನೋಡಲಿ. ಮುಂಡರಗಿಯ ದಾರಿಯಲ್ಲಿ ಡಂಬಳದ ದೊಡ್ಡಬಸಪ್ಪನ ಗುಡಿಯು ಇಪ್ಪತ್ತನಾಲ್ಕು ಮೂಲೆಗಳ ನಕ್ಷತ್ರದ ಆಕಾರದಲ್ಲಿದೆ. ಭೂಮಿತಿಯ ಪಾಠಕ್ಕೆ ಅದಕ್ಕಿಂತ ಒಳ್ಳೆಯ ಫಳವಿಲ್ಲ. ಲಕ್ಷ್ಮೇಶ್ವರದ ಸೋಮೇಶ್ವರ ಗುಡಿ ಮತ್ತು ಶಂಖ ಬಸದಿ, ಶಿರಹಟ್ಟಿಯ ಫಕೀರೇಶ್ವರ ಮಠ, ಇವನ್ನು ಒಂದೇ ದಿನದಲ್ಲಿ ನೋಡಬಹುದು. ಚಳಿಗಾಲವಾದರೆ ಶಿರಹಟ್ಟಿ ತಾಲೂಕಿನ ಮಾಗಡಿ ಕೆರೆಗೆ ಹಿಮಾಲಯದಾಚೆಯಿಂದ ಪಟ್ಟೆತಲೆಯ ಹೆಬ್ಬಾತುಗಳು ಬಂದಿರುತ್ತವೆ. 2024ರಲ್ಲಿ ಈ ಕೆರೆಯು ರಾಮ್ಸಾರ್ ಪಟ್ಟಿಗೆ ಸೇರಿ ಲೋಕಮಾನ್ಯವಾಯಿತು. ಅವಕ್ಕೆ ಯಾವ ಟಿಕೆಟೂ ಬೇಕಾಗಿಲ್ಲ!

ಪುರಾತತ್ವ ಇಲಾಖೆಯ ಸ್ಥಳಗಳಲ್ಲಿ ಹದಿನೈದು ವರುಷದೊಳಗಿನ ಮಕ್ಕಳಿಗೆ ಪ್ರವೇಶಧನವಿಲ್ಲ. ಹಂಪಿಯ ವಿಜಯವಿಠ್ಠಲ ಗುಡಿಯಲ್ಲಿ ಪಡೆದ ಟಿಕೆಟು ಅದೇ ದಿನ ಕಮಲಮಹಲಿಗೂ ವಸ್ತುಸಂಗ್ರಹಾಲಯಕ್ಕೂ ನಡೆಯುವದು. ಇದನ್ನರಿಯದೆ ಎರಡು ದಿನಕ್ಕೆ ಹಂಚಿ ಎರಡು ಸಲ ಹಣ ತೆತ್ತವರು ಬಹಳ. ಬಾದಾಮಿ, ಐಹೊಳೆಗಳ ವಸ್ತುಸಂಗ್ರಹಾಲಯಗಳು ಶುಕ್ರವಾರ ಮುಚ್ಚಿರುತ್ತವೆ. ಅಮವಾಸ್ಯೆ, ಜಾತ್ರೆ, ರವಿವಾರಗಳಲ್ಲಿ ಬಸ್ಸಿನೊಳಗೆ ಕಾಲಿಡಲು ಸ್ಥಳವಿರುವದಿಲ್ಲವಾದುದರಿಂದ ಸಾಧ್ಯವಿದ್ದರೆ ವಾರದ ನಡುವಿನ ರಜೆಯನ್ನು ಆರಿಸಿಕೊಳ್ಳಿರಿ.

ಉಳಿಸಬಾರದ ಸ್ಥಳಗಳೂ ಇವೆ. ಬೆಳಕಿರುವಾಗಲೇ ಮನೆ ಸೇರುವ ಬಸ್ಸನ್ನು ಮೊದಲು ಗೊತ್ತುಮಾಡಿಕೊಂಡು ಆ ಮೇಲೆ ಹೊರಡುವ ಬಸ್ಸನ್ನು ಗೊತ್ತುಮಾಡಬೇಕು. ಅದು ತಪ್ಪಿದರೆ ಹಣ ಕೊಟ್ಟು ಬೇರೆ ವಾಹನವನ್ನು ಮಾಡಿಕೊಳ್ಳಿರಿ, ಇಲ್ಲವೆ ಗೊತ್ತಿರುವ ವಸತಿಯಲ್ಲಿ ಉಳಿಯಿರಿ. ನಿಲ್ದಾಣದ ಬಾಕಿನ ಮೇಲೆ ರಾತ್ರಿ ಕಳೆದು ನಾಲ್ಕುನೂರು ಉಳಿಸಿದೆನೆಂಬ ಹೆಮ್ಮೆಯು ಹುಡುಗಿಯರಿಗೆ ಸಲ್ಲದು. ಗರ್ಭಿಣಿಯರನ್ನೂ ಕೂಸುಗಳನ್ನೂ ಕರೆದೊಯ್ಯುವಾಗ ಉಚಿತ ಬಸ್ಸಿನ ಗದ್ದಲಕ್ಕೆ ಜೋತುಬೀಳಬಾರದು. ಆ ಕೆಲಸಕ್ಕಾಗಿ ನಾಲ್ಕುನೂರು ರೂಪಾಯಿಗಳನ್ನು ಬೇರೆ ಚೀಟಿನಲ್ಲಿ ಕಟ್ಟಿ, ಕೈಚೀಲದಲ್ಲಿ ಅಲ್ಲ, ಸೀರೆಯ ಒಳಜೇಬಿನಲ್ಲಿ ಇಟ್ಟುಕೊಂಡಿರಬೇಕು. ಮೊಬೈಲಿನಲ್ಲಿ ಹಣವಿದೆಯೆಂದು ನಂಬಿ ಹೊರಡುವವರಿಗೆ ಕಪ್ಪತಗುಡ್ಡದ ಬುಡದಲ್ಲಿ ಆ ಮೊಬೈಲು ಹಲವು ಸಲ ಬರಿಯ ಕನ್ನಡಿಯಾಗುವದು. ಬಂಗಾರವು ಮನೆಯಲ್ಲಿರಲಿ.

ಕೊನೆಗೆ ಒಂದು ಸೂಚನೆ. 1841ರ ಜುಲೈ 5ರಂದು ಇಂಗ್ಲಂಡದಲ್ಲಿ ಥಾಮಸ್ ಕುಕ್ ಎಂಬವನು ಪಾನನಿಷೇಧದ ಸಭೆಗೆ ಹೋಗುವ ಸುಮಾರು ಐದುನೂರು ಜನರನ್ನು ಒಟ್ಟುಗೂಡಿಸಿ, ತಲೆಗೆ ಒಂದೇ ಶಿಲಿಂಗಿನಂತೆ ಲೆಸ್ಟರಿನಿಂದ ಲಫ್‌ಬರೋಗೆ ರೈಲಿನಲ್ಲಿ ಕರೆದೊಯ್ದನು. ಒಬ್ಬೊಬ್ಬರಾಗಿ ಹೋಗಲಾರದವರು ಕೂಡಿ ಹೋದರು. ಕೂಡಿ ಹಣ ಹಾಕುವ ವಿದ್ಯೆಯಲ್ಲಿ ನಮ್ಮ ಸೀಮೆಯೂ ಹಿಂದಿಲ್ಲ. ಶಿದ್ದನಗೌಡ ಪಾಟೀಲರು 1905ರಲ್ಲಿ ಕಟ್ಟಿದ ಕಣಗಿನಹಾಳದ ಸಹಕಾರಿ ಸಂಘವು ನಮ್ಮ ಗದಗ ತಾಲೂಕಿನದೇ. ಹಳೆಯ ವಿದ್ಯಾರ್ಥಿನಿಯರು ಓಣಿಗೆ ಹತ್ತು ಹತ್ತು ಜನರು ಸೇರಿ ಮಾರ್ಚಿನಿಂದ ತಿಂಗಳಿಗೆ 50 ರೂಪಾಯಿಯಂತೆ ಹಾಕಿದರೆ ಡಿಸೆಂಬರಕ್ಕೆ 5,000 ರೂಪಾಯಿಗಳಾಗುವವು. ಬಸ್ಸಿಗೆ ಹಣವಿಲ್ಲದ್ದರಿಂದ ಹತ್ತು ಜನರ ಒಂದು ಹೊತ್ತಿನ ಊಟ, ಪ್ರವೇಶಧನ, ಸ್ಥಳವನ್ನು ವಿವರಿಸಿ ತೋರಿಸುವವನ ಸಂಬಳ, ಆಪತ್ತಿನ ಗಂಟು ಎಲ್ಲಕ್ಕೂ ಅದು ಸಾಕು. ಇದು ಮನೆಯ ಜಮಾಖರ್ಚಿನೊಳಗಿನ ಬಾಬಲ್ಲವಾದುದರಿಂದ ಅದರ ಮೇಲೆ ಯಾರೂ ಗೀಟೆಳೆಯಲಾರರು. ಹಣವನ್ನು ಇಟ್ಟುಕೊಳ್ಳುವವಳು ಒಬ್ಬಳು, ಲೆಕ್ಕ ಬರೆಯುವವಳು ಇನ್ನೊಬ್ಬಳು ಇರಲಿ. ಮೊದಲನೆಯ ವರುಷಕ್ಕೆ ಮಾಗಡಿ ಕೆರೆ ಮತ್ತು ಲಕ್ಷ್ಮೇಶ್ವರಗಳನ್ನು ಇಟ್ಟುಕೊಂಡರೆ ಮಿಕ್ಕ ಹಣವು ಎರಡನೆಯ ವರುಷದ ಬಾದಾಮಿಗೆ ಆದೀತು.