ಚಿಕ್ಕಮಾವನವರನ್ನು ಕತ್ತರಿಸಬೇಡಿ

ಪ್ರಶ್ನೆ: ನನಗೆ 52 ವರ್ಷ. ಚಾಮರಾಜಪೇಟೆಯಲ್ಲಿ ಅತ್ತೆ, ಮಾವನವರ ಜೊತೆ ಅವರ ಹಳೆಯ ಮನೆಯಲ್ಲೇ ಇದ್ದೇವೆ. ಇನ್ನೆರಡು ತಿಂಗಳಿಗೆ ಮಾವನವರ ಸಹಸ್ರ ಚಂದ್ರ ದರ್ಶನ ಶಾಂತಿ. ಬಸವನಗುಡಿಯಲ್ಲಿ ಛತ್ರ ಗೊತ್ತಾಗಿದೆ. ಮಲ್ಲೇಶ್ವರದಲ್ಲಿರುವ ನಾದಿನಿ, ‘ಆಲ್ಬಮ್ಮೆಲ್ಲ ನಿಮ್ಮನೇಲೇ ಇದೆಯಲ್ಲ ಅತ್ತಿಗೆ, ಒಂದು ಸ್ಲೈಡ್‌ಶೋ ಮಾಡಿಬಿಡಿ’ ಎಂದು ಫೋನಿಟ್ಟರು. ಮಗ ಅಮೆರಿಕದಲ್ಲಿದ್ದಾನೆ. ಕೇಳಿದರೆ, ‘ತುಂಬಾ ಈಸಿ ಅಮ್ಮ, ಯೂಟ್ಯೂಬ್ ನೋಡ್ಕೊ’ ಅಂತಾನೆ. ಮನೆಯವರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಸಹಾಯ ಕೇಳಿದೆ. ಎಲ್ಲರೂ ಫೋಟೋ ಕಳಿಸಿದರು, ಸಹಾಯಕ್ಕೆ ಯಾರೂ ಬರಲಿಲ್ಲ. ಈಗ ನನ್ನ ಹತ್ತಿರ ಸುಮಾರು 2,300 ಫೋಟೋ ಇವೆ. ಇದು ಸಾಲದು ಅಂತ ಇನ್ನೊಂದು ಸಂಕಟ. ಮಾವನವರಿಗೂ ಅವರ ತಮ್ಮನಿಗೂ ಪಾಲಿನ ವಿಷಯಕ್ಕೆ ಮಾತು ನಿಂತು 18 ವರ್ಷ ಆಯಿತು. ಹಳೆಯ ಫೋಟೋಗಳಲ್ಲಿ ಅರ್ಧಕ್ಕರ್ಧ ಆ ಚಿಕ್ಕಮಾವನವರೇ ಇದ್ದಾರೆ. ‘ಅವರನ್ನ ಕ್ರಾಪ್ ಮಾಡಿ ಹಾಕು’ ಅಂತಾರೆ ನಮ್ಮ ಯಜಮಾನರು. ‘ಹಾಗೆ ಮಾಡಿದರೆ ನಾನು ಛತ್ರಕ್ಕೇ ಬರಲ್ಲ’ ಅಂತಾರೆ ನಾದಿನಿ. ನನಗೆ ರಾತ್ರಿ ನಿದ್ದೆಯೇ ಇಲ್ಲ. ಏನು ಮಾಡಲಿ?

ಉತ್ತರ: ಇಷ್ಟು ಜನರ ನಡುವೆ ನಿದ್ದೆ ಕೆಟ್ಟಿರುವುದು ನಿಮ್ಮದೊಬ್ಬರದೇ ಎನ್ನುವುದನ್ನು ಗಮನಿಸಿದಿರಾ? ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಒಂದು ಲೆಕ್ಕ.

ಒಂದು ಫೋಟೋಕ್ಕೆ 5 ಸೆಕೆಂಡ್ ಕೊಟ್ಟರೂ 2,300 ಫೋಟೋ ಮುಗಿಯಲು ಮೂರು ಗಂಟೆ ಹನ್ನೊಂದು ನಿಮಿಷ ಬೇಕು. ಅಷ್ಟರಲ್ಲಿ ಹೋಮ, ಪೂರ್ಣಾಹುತಿ, ಆಶೀರ್ವಾದ, ಎರಡು ಪಂಕ್ತಿ ಊಟ ಎಲ್ಲ ಆಗಿಹೋಗಿರುತ್ತದೆ. ಹಾಗಾದರೆ ಎಷ್ಟು ಸಾಕು? ಸಹಸ್ರ ಚಂದ್ರ ದರ್ಶನವೆಂದರೆ ಸಾವಿರ ಹುಣ್ಣಿಮೆ. ಹುಣ್ಣಿಮೆಯಿಂದ ಹುಣ್ಣಿಮೆಗೆ ಸುಮಾರು ಇಪ್ಪತ್ತೊಂಬತ್ತೂವರೆ ದಿನ. ಸಾವಿರ ಹುಣ್ಣಿಮೆ ತುಂಬಲು 80 ವರ್ಷ, ಸರಿಸುಮಾರು ಹತ್ತು ತಿಂಗಳು ಬೇಕು. ನಿಮ್ಮ ಪುರೋಹಿತರ ಲೆಕ್ಕ ಸ್ವಲ್ಪ ಆಚೀಚೆ ಇರಬಹುದು. 80 ವರ್ಷಕ್ಕೆ 80 ಫೋಟೋ, ಒಂದೊಂದಕ್ಕೆ 6 ಸೆಕೆಂಡ್ ಅಂದರೆ ಎಂಟು ನಿಮಿಷ. ಅದಕ್ಕಿಂತ ಹೆಚ್ಚು ಹೊತ್ತು ನೆಂಟರು ಕೂತು ನೋಡುವುದಿಲ್ಲ, ನೋಡಿದಂತೆ ಮಾಡುತ್ತಾರೆ.

ವರ್ಷಕ್ಕೊಂದರಂತೆ ಹಂಚಬೇಕಾಗಿಯೂ ಇಲ್ಲ. 1945ರ ಸುಮಾರಿಗೆ ಹುಟ್ಟಿದವರ ಬಾಲ್ಯದ ಫೋಟೋ ಎರಡೋ ಮೂರೋ ಸಿಕ್ಕರೆ ಅದೇ ಪುಣ್ಯ. ಮದುವೆಯವರೆಗೆ ಸಿಕ್ಕಿದ್ದನ್ನೆಲ್ಲ ಹಾಕಿ, ಮಸುಕಾಗಿದ್ದರೂ ಹಾಕಿ. ಡಿಜಿಟಲ್ ಕ್ಯಾಮೆರಾ ಬಂದ ಮೇಲಿನ ಕಾಲಕ್ಕೆ ಹದಿನೈದು ಸಾಕು. ಮೊಮ್ಮಕ್ಕಳ ಹುಟ್ಟುಹಬ್ಬದ ಕೇಕುಗಳೆಲ್ಲ ಒಂದೇ ತರಹ ಇರುತ್ತವೆ, ಒಂದು ಕೇಕು ನೋಡಿದರೆ ಎಲ್ಲವನ್ನೂ ನೋಡಿದ ಹಾಗೆ.

ಈಗ ಚಿಕ್ಕಮಾವನವರ ವಿಷಯ. ಇದರಲ್ಲಿ ನನ್ನ ಅಭಿಪ್ರಾಯ ಗಟ್ಟಿಯಾಗಿದೆ: ಕತ್ತರಿಸಬೇಡಿ. ಅಕ್ಕಪಕ್ಕ ನಿಂತ ಅಣ್ಣ ತಮ್ಮಂದಿರಲ್ಲಿ ಒಬ್ಬರನ್ನು ಕ್ರಾಪ್ ಮಾಡಿದರೆ ಇನ್ನೊಬ್ಬರ ಹೆಗಲ ಮೇಲೆ ವಾರಸುದಾರರಿಲ್ಲದ ನಾಲ್ಕು ಬೆರಳು ಉಳಿಯುತ್ತವೆ. ಛತ್ರದಲ್ಲಿ ಸೇರುವ ಹಳಬರ ಕಣ್ಣೆಲ್ಲ ಆ ಬೆರಳ ಮೇಲೇ. ಮರೆಸಬೇಕೆಂದಿದ್ದ ಜಗಳವನ್ನು ನೀವೇ ದೊಡ್ಡ ಪರದೆಗೆ ಹತ್ತಿಸಿದಂತಾಗುತ್ತದೆ. ಒಂದು ಫೋಟೋ ಹಾಕುವುದಾದರೆ ಇಡಿಯಾಗಿ ಹಾಕಿ, ಬೇಡವೆಂದರೆ ಆ ಫೋಟೋವನ್ನೇ ಬಿಡಿ.

ಹಾಕುವುದೋ ಬಿಡುವುದೋ ಎಂದು ಹೇಳಬೇಕಾದವರು ನಿಮ್ಮ ಯಜಮಾನರೂ ಅಲ್ಲ, ನಾದಿನಿಯೂ ಅಲ್ಲ. ಸಾವಿರ ಹುಣ್ಣಿಮೆ ಕಂಡವರು ಮಾವನವರು. ಆದರೆ ಅವರ ಮುಂದೆ ನಿಂತು ‘ಚಿಕ್ಕಮಾವನವರ ಫೋಟೋ ಹಾಕಲಾ ಬೇಡವಾ’ ಎಂದು ಕೇಳಬೇಡಿ. ಹಾಗೆ ಕೇಳಿದರೆ 18 ವರ್ಷದ ಬಿಗುಮಾನವೇ ಉತ್ತರ ಕೊಡುತ್ತದೆ. ಮಧ್ಯಾಹ್ನದ ಕಾಫಿಯಾದ ಮೇಲೆ ಹಳೆಯ ಆಲ್ಬಮ್ ತಂದು ಅತ್ತೆ, ಮಾವ ಇಬ್ಬರ ನಡುವೆ ಇಡಿ. ಫೋನಿನಲ್ಲಿ ಧ್ವನಿ ರೆಕಾರ್ಡ್ ಮಾಡಿಕೊಳ್ಳುತ್ತೇನೆ ಅಂತ ಹೇಳಿಯೇ ಶುರು ಮಾಡಿ. ಇದು ಎಲ್ಲಿ, ಯಾವ ವರ್ಷ, ಪಕ್ಕದಲ್ಲಿ ಯಾರು ಎಂದಷ್ಟೇ ಕೇಳುತ್ತಾ ಹೋಗಿ. ತಮ್ಮನ ಫೋಟೋ ಬಂದಾಗ ಹಾಳೆ ಮಗುಚಿದರೆ ಸುಮ್ಮನಿರಿ. ‘ಇವನಿಗೆ ಕೋಟೆ ಹೈಸ್ಕೂಲ್ ಮೈದಾನದ ರಾಮೋತ್ಸವದ ಕಚೇರಿ ಒಂದು ದಿನವೂ ತಪ್ಪಿಸಿ ಗೊತ್ತಿರಲಿಲ್ಲ’ ಅಂತಲೋ ಏನೋ ಮಾತು ಹೊರಟರೆ, ನಿಮಗೆ ಉತ್ತರ ಸಿಕ್ಕಿತು. ಯಜಮಾನರಿಗೂ ನಾದಿನಿಗೂ ಆಮೇಲೆ ಒಂದೇ ವಾಕ್ಯ ಹೇಳಿ: ‘ಅಪ್ಪ ಆರಿಸಿದ್ದು.’ ಅಲ್ಲಿಗೆ ಚರ್ಚೆ ಮುಗಿಯಬೇಕು.

ಮನೆ ಪಾಲಾದಾಗ ಪಾತ್ರೆ ಪಗಡಿ, ದೇವರ ವಿಗ್ರಹಗಳ ಜೊತೆ ಫೋಟೋಗಳೂ ಪಾಲಾಗಿರುತ್ತವೆ. ಮಾವನವರ ಉಪನಯನದ ಫೋಟೋ ನಿಮ್ಮಲ್ಲಿಲ್ಲ ಎಂದರೆ ಅದು ಚಿಕ್ಕಮಾವನವರ ಮನೆಯ ಗೋಡೆಯ ಮೇಲೆ ಇರಬಹುದು. ಮಾವನವರ ಅಡ್ಡಿಯಿಲ್ಲದಿದ್ದರೆ ಚಿಕ್ಕತ್ತೆಯವರಿಗೆ ಫೋನ್ ಮಾಡಿ ಕೇಳಬಹುದು. ಕೊಟ್ಟರೆ ಸಂತೋಷ, ಕೊಡದಿದ್ದರೆ ಬೇಸರ ಬೇಡ. ಈ ನೆಪದಲ್ಲಿ ಅಣ್ಣ ತಮ್ಮಂದಿರನ್ನು ಒಂದು ಮಾಡಿಬಿಡುತ್ತೇನೆ ಎಂದು ಮಾತ್ರ ಹೊರಡಬೇಡಿ. 18 ವರ್ಷದ ಗಂಟು 6 ಸೆಕೆಂಡಿನಲ್ಲಿ ಬಿಚ್ಚುವುದಿಲ್ಲ, ಬಿಚ್ಚುವ ಹೊಣೆ ನಿಮ್ಮದೂ ಅಲ್ಲ. ಚಿಕ್ಕಮಾವನವರು ಸಮಾರಂಭಕ್ಕೆ ಬರುವುದಾದರೆ, ಪರದೆಯ ಮೇಲೆ ನೀವೂ ಕಾಣಿಸುತ್ತೀರಿ ಎಂದು ಮೊದಲೇ ಒಂದು ಮಾತು ತಿಳಿಸಿಡುವುದು ಮರ್ಯಾದೆ.

ವರ್ಷ ಯಾವುದೆಂದು ಮಾವನವರಿಗೂ ಮರೆತಿದ್ದರೆ ಫೋಟೋವನ್ನೇ ಕೇಳಿ. ಹಿಂಬದಿಯಲ್ಲಿ ಸ್ಟುಡಿಯೋದ ಮೊಹರಿದ್ದು ವಿಳಾಸದಲ್ಲಿ ಬರೀ ‘ಬೆಂಗಳೂರು–18’ ಇದ್ದರೆ ಒಂದು ಕಾಲ, ‘560018’ ಎಂದು ಆರಂಕಿ ಪಿನ್‌ಕೋಡ್ ಇದ್ದರೆ ಖಂಡಿತ 1972ರ ಆಗಸ್ಟ್ ನಂತರದ್ದು. ಸ್ಕೂಟರಿನ ನಂಬರ್ ‘ಕೆಎ’ಯಿಂದ ಶುರುವಾದರೆ 1989ಕ್ಕಿಂತ ಹಿಂದಿನದಲ್ಲ. ಗೋಡೆಯ ಮೇಲೆ ಸಿನಿಮಾ ಪೋಸ್ಟರ್ ಕಂಡರೆ ಇನ್ನೂ ಸುಲಭ, ಆದರೆ ಅದು ‘ಬಂಗಾರದ ಮನುಷ್ಯ’ ಆಗಿದ್ದರೆ ಹುಷಾರು. 1972ರಲ್ಲಿ ಬಂದ ಆ ಚಿತ್ರ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿತು, ಪೋಸ್ಟರೂ ಅಷ್ಟು ದಿನ ಗೋಡೆಯ ಮೇಲಿತ್ತು. ಲಾಲ್‌ಬಾಗಿನ ಗಾಜಿನ ಮನೆಯ ಮುಂದೆ ಹೂವಿನ ಸಾಲಿದ್ದರೆ ಜನವರಿ ಇಲ್ಲವೇ ಆಗಸ್ಟ್, ಫಲಪುಷ್ಪ ಪ್ರದರ್ಶನದ ದಿನಗಳು. ಹಳೇ ಬೆಂಗಳೂರಿನ ಯಾವ ಮನೆಯ ಆಲ್ಬಮ್ ತೆರೆದರೂ ಗಾಜಿನ ಮನೆಯ ಮುಂದೊಂದು, ಲಾಲ್‌ಬಾಗ್ ಬಂಡೆಯ ಮೇಲೊಂದು ಫೋಟೋ ಇದ್ದೇ ಇರುತ್ತದೆ. ನಿಮ್ಮಲ್ಲೂ ಬೇರೆ ಬೇರೆ ಕಾಲದವು ಇದ್ದರೆ ಅವನ್ನು ಒಂದರ ಹಿಂದೊಂದು ಜೋಡಿಸಿ. ಅದೇ ಬಂಡೆ, ಅದೇ ದಂಪತಿ, ಸುತ್ತಲಿನ ಊರು ಬೇರೆ. ಈ ಜೋಡಣೆಗೆ ಬರುವ ಚಪ್ಪಾಳೆ ಯಾವ ಎಫೆಕ್ಟಿಗೂ ಬರುವುದಿಲ್ಲ.

ಪ್ರಿಂಟ್‌ಗಳನ್ನು ಸ್ಕ್ಯಾನ್ ಮಾಡಿಸುವಾಗ ಸ್ಟುಡಿಯೋದವರಿಗೆ 600 ಡಿಪಿಐ ಎಂದು ಹೇಳಿ. ನಾಲ್ಕು ಇಂಚು, ಆರು ಇಂಚಿನ ಪ್ರಿಂಟು ಆಗ 2400 × 3600 ಚುಕ್ಕಿಗಳಾಗುತ್ತದೆ. ಸಾಧಾರಣ ಎಚ್‌ಡಿ ಪರದೆ 1920 × 1080 ಮಾತ್ರ, ಹಾಗಾಗಿ ಧಾರಾಳವಾಯಿತು. ಪಾಸ್‌ಪೋರ್ಟ್ ಸೈಜಿನವಕ್ಕೆ 1200 ಇರಲಿ. ಚೌಕಟ್ಟಿನ ಗಾಜಿಗೆ ಅಂಟಿಕೊಂಡ ಫೋಟೋವನ್ನು ಕೀಳಬೇಡಿ, ಮುಖವೇ ಕಿತ್ತು ಬರುತ್ತದೆ. ಗಾಜಿನ ಸಮೇತ, ಕಿಟಕಿಯ ಬೆಳಕಿನಲ್ಲಿ, ಓರೆಯಿಂದ ಬೆಳಕು ಬೀಳುವ ಹಾಗೆ ಇಟ್ಟು ಮೊಬೈಲಿನಲ್ಲಿ ತೆಗೆಯಿರಿ. ಎಂಬತ್ತರ ದಶಕದ ಅಂಟು ಹಾಳೆಯ ಆಲ್ಬಮ್‌ಗಳಿಂದ ಬಿಡಿಸಲು ಹಲ್ಲಿನ ಸಂದಿಗೆ ಹಾಕುವ ದಾರವನ್ನು ಫೋಟೋದ ಅಡಿಯಲ್ಲಿ ನಿಧಾನವಾಗಿ ಎಳೆಯಬಹುದು. ಆಗಿನ ಬಣ್ಣದ ಪ್ರಿಂಟ್‌ಗಳು ಕೆಂಪಗಾಗಿದ್ದರೆ ಗಾಬರಿ ಬೇಡ. ಅವುಗಳಲ್ಲಿನ ನೀಲಿ–ಹಸಿರು ಬಣ್ಣ ಮೊದಲು ಮಾಸಿ ಕೆಂಪು ಉಳಿದುಕೊಂಡಿರುತ್ತದೆ. ಫೋನಿನ ಎಡಿಟ್‌ನಲ್ಲಿರುವ ‘ಆಟೋ’ ಒತ್ತಿದರೆ ಮುಕ್ಕಾಲು ಪಾಲು ಸರಿಹೋಗುತ್ತದೆ.

ನೆಂಟರು ವಾಟ್ಸ್‌ಆ್ಯಪಿನಲ್ಲಿ ಕಳಿಸಿದ ಚಿತ್ರಗಳು ಕುಗ್ಗಿ ಬಂದಿರುತ್ತವೆ. ನೀವು ಆರಿಸಿದವನ್ನಷ್ಟೇ ಮತ್ತೆ ‘ಡಾಕ್ಯುಮೆಂಟ್’ ಆಗಿ ಕಳಿಸಲು ಹೇಳಿ, ಆಗ ಮೂಲ ಗಾತ್ರದಲ್ಲೇ ಬರುತ್ತವೆ. ಇನ್ನೊಂದು ಕಡೆ ಬಹಳ ಜನ ಎಡವುತ್ತಾರೆ. ಸ್ಕ್ಯಾನ್ ಮಾಡಿದ ಕಡತಕ್ಕೆ ಸ್ಕ್ಯಾನಾದ ದಿನದ ತಾರೀಖೇ ಅಂಟಿಕೊಳ್ಳುತ್ತದೆ. ‘ದಿನಾಂಕದ ಪ್ರಕಾರ ಜೋಡಿಸು’ ಎಂದು ಒತ್ತಿದರೆ ಮಾವನವರ ಮದುವೆ ಮೊಮ್ಮಗನ ಪದವಿಯಾದ ಮೇಲೆ ಬರುತ್ತದೆ. ಒಂದೊಂದಕ್ಕೂ ಹೆಸರನ್ನೇ 1967-01, 1967-02 ಎಂದು ಇಟ್ಟು, ಹೆಸರಿನ ಪ್ರಕಾರ ಜೋಡಿಸಿ. ಉದ್ದುದ್ದ ಫೋಟೋವನ್ನು ಪರದೆಯ ಅಗಲಕ್ಕೆ ಎಳೆಯಬೇಡಿ. ಪಕ್ಕದಲ್ಲಿ ಕಪ್ಪು ಜಾಗ ಉಳಿದರೆ ಉಳಿಯಲಿ, ಮದುಮಗಳು ದಪ್ಪಗಾಗುವುದು ಬೇಡ.

ಜೋಡಿಸಲು ಹೊಸ ಸಾಫ್ಟ್‌ವೇರ್ ಹುಡುಕಬೇಕಿಲ್ಲ. ಹಳೆಯ ಮೂವಿ ಮೇಕರ್ ಚೆನ್ನಾಗಿತ್ತು ಎಂದು ಯಾರಾದರೂ ಹೇಳಿದರೆ ನಂಬಿ, ಡೌನ್‌ಲೋಡ್ ಮಾತ್ರ ಮಾಡಬೇಡಿ. ಮೈಕ್ರೋಸಾಫ್ಟ್ ಅದನ್ನು 2017ರ ಜನವರಿಯಲ್ಲೇ ನಿಲ್ಲಿಸಿತು, ಆ ಹೆಸರಿನಲ್ಲಿ ನಕಲಿಗಳು ಹರಿದಾಡಿದ್ದುಂಟು. ಕಂಪ್ಯೂಟರಿನಲ್ಲಿ ಪವರ್‌ಪಾಯಿಂಟ್ ಇದ್ದರೆ ಅದರ ‘ಫೋಟೋ ಆಲ್ಬಮ್’ ಸೌಲಭ್ಯ ಎಲ್ಲವನ್ನೂ ಒಮ್ಮೆಲೇ ಸಾಲಾಗಿ ಹಾಕುತ್ತದೆ, ಕೊನೆಗೆ ಎಂಪಿ4 ವಿಡಿಯೋ ಆಗಿ ಉಳಿಸಬಹುದು. ಒಂದು ಚಿತ್ರ ಕರಗಿ ಇನ್ನೊಂದು ಬರುವ ಒಂದೇ ಬಗೆ ಸಾಕು. ಪುಟ ಮಗುಚುವುದು, ತಿರುಗುವುದು, ಹೃದಯದ ಆಕಾರ ಇವೆಲ್ಲ ಬೇಡ.

ಕನ್ನಡದಲ್ಲಿ ಹೆಸರು ಬರೆಯಿರಿ, ‘ಗ್ರ್ಯಾಂಡ್‌ಪಾ ಅಟ್ 20’ ಅಂತ ಬೇಡ. ಆದರೆ ಕೆಲವು ವಿಡಿಯೋ ಆ್ಯಪ್‌ಗಳಲ್ಲಿ ಒತ್ತಕ್ಷರ ಒಡೆದು ‘ಅಜ್ಜ’ ಹೋಗಿ ‘ಅಜ್‌ಜ’ ಆಗುತ್ತದೆ. ನುಡಿ, ಬರಹದ ಹಳೆಯ ಫಾಂಟ್‌ಗಳಲ್ಲಿ ಬರೆದದ್ದು ಬೇರೆ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಗೀಟುಗಳಾಗುವುದೂ ಉಂಟು. ಯೂನಿಕೋಡಿನಲ್ಲಿ ಬರೆದು, ಆ ಪುಟವನ್ನೇ ಚಿತ್ರವಾಗಿ ಉಳಿಸಿ ಸೇರಿಸಿದರೆ ಯಾವ ಯಂತ್ರದಲ್ಲೂ ಕೆಡುವುದಿಲ್ಲ. ಹಿನ್ನೆಲೆಗೆ ಸಿನಿಮಾ ಹಾಡು ಹಾಕಿ ಯೂಟ್ಯೂಬಿಗೆ ಏರಿಸಿದರೆ ಹಕ್ಕುಸ್ವಾಮ್ಯದ ತಕರಾರು ಬರುತ್ತದೆ. ನನ್ನನ್ನು ಕೇಳಿದರೆ ಹಾಡೇ ಬೇಡ. ಆಲ್ಬಮ್ ನೋಡುತ್ತಾ ಮಾವನವರು ಆಡಿದ ಮಾತು ರೆಕಾರ್ಡ್ ಆಗಿದೆಯಲ್ಲ, ಅದರಲ್ಲಿ ನಾಲ್ಕೈದು ತುಣುಕು ಅವರ ಒಪ್ಪಿಗೆ ಪಡೆದು ಹಾಕಿ.

ಇನ್ನು ನಿಮ್ಮ ನಿದ್ದೆ. ಗುಂಪಿನಲ್ಲಿ ‘ಯಾರಾದರೂ ಸಹಾಯ ಮಾಡಿ’ ಎಂದು ಕೇಳಿದರೆ ಯಾರನ್ನೂ ಕೇಳಿದಂತಲ್ಲ. ಒಬ್ಬೊಬ್ಬರಿಗೆ ಒಂದೊಂದು ಕೆಲಸ, ಒಂದು ಗಡುವು ಕೊಡಿ. ನಾದಿನಿಗೆ: ‘ಈ 30 ಫೋಟೋಗಳಲ್ಲಿ ಯಾರ್ಯಾರಿದ್ದಾರೆ ಅಂತ ಶುಕ್ರವಾರದೊಳಗೆ ಬರೆದು ಕೊಡಮ್ಮ.’ ಯಜಮಾನರಿಗೆ: ಸ್ಟುಡಿಯೋಗೆ ಹೋಗಿ ಬರುವುದು ಮತ್ತು ದುಡ್ಡು. ಈಸಿ ಎಂದ ಮಗನಿಗೆ ಈಸಿ ಕೆಲಸವನ್ನೇ ಕೊಡಿ. 80 ಫೋಟೋಗಳನ್ನು ಗೂಗಲ್ ಡ್ರೈವಿಗೆ ಹಾಕಿ ಕೊಂಡಿ ಕಳಿಸಿ, ಅಲ್ಲಿ ಪುಕ್ಕಟೆಯಾಗಿ ಸಿಗುವ 15 ಜಿಬಿ ಜಾಗದಲ್ಲಿ ಅವು ಆರಾಮವಾಗಿ ಹಿಡಿಯುತ್ತವೆ. ಜೋಡಿಸುವುದು ಅವನಿಗಿರಲಿ, ಆರಿಸುವುದು ನಿಮಗಿರಲಿ. ಕಲಿಯುವ ಆಸೆ ನಿಮಗೇ ಇದ್ದರೆ ಅವನು ಪರದೆ ತೋರಿಸುತ್ತಾ ಮಾಡಲಿ, ನೀವು ನೋಡಿ. ಈ ಗಡಿಬಿಡಿಯೆಲ್ಲ ಮುಗಿದ ಮೇಲೂ ಆಸಕ್ತಿ ಉಳಿದಿದ್ದರೆ, 1971ರಿಂದ ನಮ್ಮೂರಿನಲ್ಲಿ ಯೂತ್ ಫೋಟೋಗ್ರಾಫಿಕ್ ಸೊಸೈಟಿ ಇದೆ, ಹೋಗಿ ನೋಡಬಹುದು.

ಮತ್ತೊಂದು ಮಾತು, ನೀವು ಕೇಳದಿದ್ದರೂ ಹೇಳುತ್ತೇನೆ. ಆ 2,300ರಲ್ಲಿ ನೀವು ಎಷ್ಟರಲ್ಲಿದ್ದೀರಿ? ಮನೆಯ ಫೋಟೋಗಳನ್ನು ಕಾಪಾಡಿಕೊಂಡು ಬರುವವರು ಬಹಳ ಸಲ ಹೊರಗಿನಿಂದ ಬಂದ ಸೊಸೆಯರೇ. ಪಟ ತೆಗೆಯುವ ಹೊತ್ತಿಗೆ ಅವರು ಒಳಗೆ ಬಡಿಸುತ್ತಿರುತ್ತಾರೆ. ನಿಮ್ಮದೂ ಒಂದೆರಡು ಹಾಕಿಕೊಳ್ಳಿ. ಯಾರೂ ಏನೂ ಅಂದುಕೊಳ್ಳುವುದಿಲ್ಲ, ಅಂದುಕೊಂಡರೂ 6 ಸೆಕೆಂಡ್.

ತೋರಿಸುವುದು ಯಾವಾಗ? ಹೋಮದ ಹೊಗೆ, ನಾದಸ್ವರ, ಮಧ್ಯಾಹ್ನದ ಬೆಳಕು ಇವುಗಳ ನಡುವೆ ಪ್ರೊಜೆಕ್ಟರ್ ಚಿತ್ರ ಸಪ್ಪೆಯಾಗಿ ಕಾಣುತ್ತದೆ. ಹಿಂದಿನ ದಿನ ಸಂಜೆ ಮನೆಯ ಟಿವಿಯಲ್ಲಿ, ಹತ್ತಿರದವರಷ್ಟೇ ಕೂತಾಗ, ಧ್ವನಿಯ ಸಮೇತ ಹಾಕಿ. ಛತ್ರದಲ್ಲಿ ಊಟದ ಹಾಲಿನ ಬಾಗಿಲ ಬಳಿ ಒಂದು ದೊಡ್ಡ ಟಿವಿ ಇಡಿಸಿ, ಧ್ವನಿಯಿಲ್ಲದೆ ಸುತ್ತಿ ಸುತ್ತಿ ಬರುವ ಹಾಗೆ ಬಿಡಿ. ಎರಡನೇ ಪಂಕ್ತಿಗೆ ಕಾಯುವವರಿಗಿಂತ ಒಳ್ಳೆಯ ಪ್ರೇಕ್ಷಕರು ಸಿಗುವುದಿಲ್ಲ. ವಿಡಿಯೋವನ್ನು ಎರಡು ಪೆನ್‌ಡ್ರೈವಿನಲ್ಲಿ ಇಟ್ಟುಕೊಳ್ಳಿ, ಛತ್ರದ ವೈಫೈ ನಂಬಬೇಡಿ. ಒಂದು ವಾರ ಮುಂಚೆ ಹೋಗಿ ಅಲ್ಲಿನ ಟಿವಿಯಲ್ಲೇ ಹಾಕಿ ನೋಡಿ. ಲ್ಯಾಪ್‌ಟಾಪಿನಿಂದ ಹಾಕುವುದಾದರೆ ಎಚ್‌ಡಿಎಂಐ ಕಿಂಡಿ ಇದೆಯೇ ಎಂದು ನೋಡಿಕೊಳ್ಳಿ. ಹೊಸ ತೆಳುವಾದ ಲ್ಯಾಪ್‌ಟಾಪ್‌ಗಳಲ್ಲಿ ಹಲವಕ್ಕೆ ಇರುವುದಿಲ್ಲ, ಯುಎಸ್‌ಬಿ–ಸಿಯಿಂದ ಎಚ್‌ಡಿಎಂಐಗೆ ಹೋಗುವ ಅಡಾಪ್ಟರ್ ಬೇಕಾಗುತ್ತದೆ. ಎಸ್.ಪಿ. ರಸ್ತೆಯಲ್ಲಿ ಸಿಗುತ್ತದೆ. ಭಾನುವಾರ ಮಾತ್ರ ಹೋಗಬೇಡಿ, ಬಹುಪಾಲು ಅಂಗಡಿ ಬಾಗಿಲು ಹಾಕಿರುತ್ತವೆ.